ತಂಡಿ ಹಿಡಿದ ಚಿನಕುರಳಿ

ದೀಪಾವಳಿ ಬಂತೆಂದರೆ ನಮ್ಮೂರಿನ ಹೆಸರು ಅಂಗಡಿಯಲ್ಲಿ ಮಾರಾಟಕ್ಕಿರುತ್ತದೆ. ಮೈಸೂರು ಸೀಮೆಯಲ್ಲಿ ಸರದ ಕೆಂಪು ಕಿರುಪಟಾಕಿಯನ್ನು ಚಿನಕುರಳಿ ಅಂತಲೇ ಕರೆಯುವುದು. ‘ಪ್ರಜಾವಾಣಿ’ಯ ಅಂಗೈಯಗಲದ ವ್ಯಂಗ್ಯಚಿತ್ರಕ್ಕೂ ಹೆಚ್ಚುಕಡಿಮೆ ಅದೇ ಹೆಸರು. ಪಾಂಡವಪುರದ ಬಸ್ಸಿನಲ್ಲಿ ಕಂಡಕ್ಟರ್ ‘ಚಿನಕುರಳಿ ಇಳೀರಿ’ ಅಂದರೆ ಹೊಸಬರು ಕಿಸಕ್ಕನೆ ನಗುತ್ತಾರೆ. ನಗಲಿ.

ನಾವು ಹುಡುಗರಾಗಿದ್ದಾಗ ಹಿಂದಿನ ವರ್ಷ ಉಳಿದ ಸರವನ್ನು ಅಟ್ಟದ ಮೇಲಿಟ್ಟು, ಹಬ್ಬಕ್ಕೆ ಎರಡು ದಿನ ಮುಂಚೆ ಮೊರದಲ್ಲಿ ಹರಡಿ ಬಿಸಿಲಿಗೆ ಹಾಕುತ್ತಿದ್ದೆವು. ತಂಡಿ ಹಿಡಿದ ಪಟಾಕಿ ನೋಡುವುದಕ್ಕೆ ಬೇರೆ ಥರ ಇರುವುದಿಲ್ಲ. ಅದೇ ಕೆಂಪು ಕಾಗದ, ಅದೇ ಬತ್ತಿ. ಹಚ್ಚಿ, ಓಡಿಹೋಗಿ, ಕಿವಿ ಮುಚ್ಚಿಕೊಂಡು ನಿಂತಮೇಲೆ ‘ಟುಸ್’ ಅನ್ನುತ್ತದೆ. ಆಮೇಲೆ ಗೊತ್ತಾಗುವುದು.

ಮೊನ್ನೆ ಮೈಸೂರಿನಿಂದ ಬಂದಿದ್ದ ಅಕ್ಕನ ಮಗ ಊಟಕ್ಕೆ ಕೂತಾಗ, ‘ಮಾವ, ಸ್ವರಾತ್ಮ ಟುಸ್ ಆಯ್ತು’ ಅಂದ. ಮುದ್ದೆ ಮುರಿಯುತ್ತಿದ್ದ ನನ್ನ ಕೈ ನಿಂತಿತು. ಈ ಹುಡುಗರಿಗೆ ತಂಡ ಅಂದರೆ ರಾಕ್ ಬ್ಯಾಂಡು. ಸ್ವರಾತ್ಮ 2002ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು. ಮುಂದೆ ನಿಂತು ಹಾಡುವ ವಾಸು ದೀಕ್ಷಿತ್ ಮೈಸೂರಿನವರು. ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ಗಿಟಾರಿನ ಅಬ್ಬರದ ನಡುವೆ ಅವರು ಕುಣಿಯುವುದನ್ನು ನೋಡಿದರೆ ನಮ್ಮ ಜಾತ್ರೆಯೇ ಪ್ಯಾಂಟು ಹಾಕಿಕೊಂಡು ಬಂದ ಹಾಗಿರುತ್ತದೆ. 2009ರ ಅವರ ಮೊದಲ ಆಲ್ಬಮ್ಮಿನಲ್ಲಿ ‘ಪ್ಯಾಸಿ’ ಎಂಬ ಹಾಡಿತ್ತು. ಬಾಯಾರಿದವಳು ಅಂತ ಅರ್ಥ. ವಿಷಯ ಕಾವೇರಿಯ ಜಗಳ. 2012ರಲ್ಲಿ ‘ಟೋಪಿವಾಲೆ’ ಬಂತು, ಪುಢಾರಿಗಳಿಗೆ ಟೋಪಿ ಹಾಕಿ ಚೇಷ್ಟೆ ಮಾಡುವ ಹಾಡು. 2018ರ ಆಲ್ಬಮ್ಮಿಗೆ ‘ರಾಹ್-ಎ-ಫಕೀರಾ’ ಅಂದರೆ ಫಕೀರನ ಹಾದಿ ಎಂದು ಹೆಸರಿಟ್ಟರು. ಹುಡುಗನ ತಕರಾರು ಇರುವುದೇ ಅಲ್ಲಿ. ಟೋಪಿಯವರನ್ನು ಬೈಯುತ್ತಿದ್ದವರು ಫಕೀರರಾದರೆ ಮುಂದೆ ಬೈಯುವವರು ಯಾರು ಅಂತ.

ನಮ್ಮ ನಾಲೆಯ ನೀರಿನ ಹಾಡಿಗೆ ಹಿಂದಿ ಹೆಸರೇ ಬೇಕಿತ್ತೇ ಎಂದು ‘ಪ್ಯಾಸಿ’ ಬಂದಾಗ ನಾನೇ ಗೊಣಗಿದ್ದೆ. ಈಗ ಅನ್ನಿಸುತ್ತದೆ, ಕಾವೇರಿಗಾಗಿ ಕನ್ನಡದಲ್ಲಿ ಕೂಗಿದವರೂ ಇದ್ದರು, ತಮಿಳಿನಲ್ಲಿ ಕೂಗಿದವರೂ ಇದ್ದರು, ಇಬ್ಬರೂ ಅವರವರ ದಡದಲ್ಲೇ ನಿಂತಿದ್ದರು. ಹೊಳೆಯ ಬಾಯಾರಿಕೆ ಏನು ಎಂದು ಕೇಳುವುದಕ್ಕೆ ಯಾರಾದರೂ ತಮ್ಮ ದಡ ಬಿಟ್ಟು ನೀರಿಗಿಳಿಯಬೇಕಿತ್ತು. ಕೆಆರ್‌ಎಸ್ ನೀರು ಕುಡಿದು ಬೆಳೆದ ನಮಗೆ ಅದು ಆಗಲಿಲ್ಲ. ತಂಡದ ಮೊನೆ ಇದ್ದದ್ದು ಆ ಹಾಡಿನಲ್ಲಿ, ಟೋಪಿಯ ಹಾಡಿನಲ್ಲಿ ಅಲ್ಲ. ಪುಢಾರಿಯನ್ನು ಬೈದರೆ ಸಭೆಯಲ್ಲಿ ಕೂತ ಪುಢಾರಿಯೂ ಚಪ್ಪಾಳೆ ತಟ್ಟುತ್ತಾನೆ. ಅವನ ಮನಸ್ಸಿನಲ್ಲಿ ಅದು ಇನ್ನೊಬ್ಬ ಪುಢಾರಿಯ ಹಾಡು.

ಹಳೆಯ ರಾಕ್ ತಂಡಗಳು ಮೊಂಡಾದವು ಎಂಬ ದೂರು ಲೋಕದಲ್ಲಿ ಎಲ್ಲ ಕಡೆ ಇದೆ. ಅದರಲ್ಲಿ ಆಸ್ಟ್ರೇಲಿಯಾದ ಮಿಡ್‌ನೈಟ್ ಆಯಿಲ್ ಕಥೆ ನಮಗೆ ಹತ್ತಿರದ್ದು. ಅದರ ಗಾಯಕ ಪೀಟರ್ ಗ್ಯಾರೆಟ್ 1984ರಲ್ಲೇ ಅಣ್ವಸ್ತ್ರ ವಿರೋಧಿ ಪಕ್ಷದಿಂದ ಚುನಾವಣೆಗೆ ನಿಂತು ಸೋತವರು. 1987ರಲ್ಲಿ ಈ ತಂಡ, ಮೂಲನಿವಾಸಿಗಳಿಗೆ ಅವರ ನೆಲ ವಾಪಸು ಕೊಡಬೇಕೆಂದು ಹಾಡಿದ ಹಾಡು ದೇಶದೇಶಗಳಲ್ಲಿ ಓಡಿತು. 2000ದ ಸಿಡ್ನಿ ಒಲಿಂಪಿಕ್ಸಿನ ಮುಕ್ತಾಯದ ರಾತ್ರಿ, ಮೂಲನಿವಾಸಿಗಳ ಕ್ಷಮೆ ಕೇಳಲು ಒಪ್ಪದ ಪ್ರಧಾನಿ ಜಾನ್ ಹೋವರ್ಡ್ ಎದುರಿಗೇ, ‘ಸಾರಿ’ ಎಂದು ಬರೆದ ಕರಿಯ ಬಟ್ಟೆ ತೊಟ್ಟು ಹಾಡಿದರು. ಅದೇ ಗ್ಯಾರೆಟ್ 2004ರಲ್ಲಿ ಲೇಬರ್ ಪಕ್ಷದಿಂದ ಸಂಸತ್ತಿಗೆ ಹೋದರು, 2007ರಲ್ಲಿ ಪರಿಸರ ಮಂತ್ರಿಯಾದರು, 2009ರಲ್ಲಿ ಯುರೇನಿಯಂ ಗಣಿಯೊಂದಕ್ಕೆ ಒಪ್ಪಿಗೆಯ ರುಜು ಹಾಕಿದರು. ಅಭಿಮಾನಿಗಳು ತಲೆ ಚಚ್ಚಿಕೊಂಡರು.

ಕಥೆ ಇಷ್ಟೇ ಆಗಿದ್ದರೆ ನಮ್ಮ ಅರಳಿಕಟ್ಟೆಯ ತೀರ್ಪು ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು: ಕುರ್ಚಿಗೆ ಹೋದ, ಕೆಟ್ಟ. ಆದರೆ 2008ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಸಂಸತ್ತು ಮೂಲನಿವಾಸಿಗಳ ಕ್ಷಮೆ ಕೇಳಿತಲ್ಲ, ಕೇಳಿದ್ದು ಗ್ಯಾರೆಟ್ ಮಂತ್ರಿಯಾಗಿದ್ದ ಸರ್ಕಾರವೇ. ಅಂಗಿಯ ಮೇಲಿದ್ದ ಮಾತು ಕಲಾಪದ ಕಡತಕ್ಕೆ ಹೋಯಿತು. ಒಂದೇ ಮನುಷ್ಯ ಒಂದು ಕಡೆ ಮೊಂಡಾದ, ಇನ್ನೊಂದು ಕಡೆ ನಾಟಿದ. ಆ ಯುರೇನಿಯಂ ಗಣಿಯ ಸುದ್ದಿ ಓದುವಾಗ ನನಗೆ ನಮ್ಮ ಬೇಬಿ ಬೆಟ್ಟ ಕಣ್ಣಿಗೆ ಬರುತ್ತದೆ. ದನದ ಜಾತ್ರೆಗೆ ಹೆಸರಾದ ಬೆಟ್ಟ. ಕಲ್ಲುಗಣಿಯ ಸಿಡಿತದಿಂದ ಕೆಆರ್‌ಎಸ್ ಕಟ್ಟೆಗೆ ಅಪಾಯವೆಂದು ವರ್ಷಗಟ್ಟಲೆ ಕೂಗಾಡಿ, 2022ರಲ್ಲಿ ಪರೀಕ್ಷಾ ಸ್ಫೋಟಕ್ಕೆ ಬಂದವರ ಎದುರು ರೈತರು ನಿಂತು, ಕೊನೆಗೆ 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆ ಬೇಡವೆಂದಿತು. ಅಷ್ಟೂ ವರ್ಷ ಧಿಕ್ಕಾರ ಕೇಳಿದ್ದೇನೆ, ಭಾಷಣ ಕೇಳಿದ್ದೇನೆ. ಬೆಟ್ಟದ ಮೇಲೊಂದು ಹಾಡು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ.

ನಮ್ಮಲ್ಲಿ ಮೊಂಡಾದರೆಂಬ ಇದೇ ದೂರು ಹೊತ್ತವರು ಕವಿ ಸಿದ್ಧಲಿಂಗಯ್ಯ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಎಂಬರ್ಥದ ಮಾತಾಡಿ ಗಲಭೆಯೆದ್ದು ಮಂತ್ರಿಗಿರಿ ಕಳೆದುಕೊಂಡರು. ಆ ಕಾವಿನಲ್ಲಿ ದಲಿತ ಸಂಘರ್ಷ ಸಮಿತಿ ಮೈತಳೆಯಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಪುಸ್ತಕ ಅಂಗಡಿಯಲ್ಲಿ ಎಷ್ಟು ಹೋಯಿತೋ, ಹಾಡುಗಳು ಕೇರಿಯಿಂದ ಕೇರಿಗೆ ತಮಟೆಯ ಮೇಲೆ ಹೋದವು. ಅಕ್ಷರ ಬಾರದವರ ಬಾಯಲ್ಲಿ ಮೊದಲು ನಿಂತು, ಆಮೇಲೆ ಎಂ.ಎ. ಪಠ್ಯಕ್ಕೆ ಬಂದವು. 1988ರಲ್ಲಿ ಅವರು ವಿಧಾನ ಪರಿಷತ್ತಿಗೆ ಹೋದರು, 1995ರಲ್ಲಿ ಮತ್ತೆ ಹೋದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಮೆರವಣಿಗೆಯಲ್ಲಿ ಕೂತರು. 1983ರಲ್ಲೇ ಪುಟ್ಟಣ್ಣ ಕಣಗಾಲರ ‘ಧರಣಿ ಮಂಡಲ ಮಧ್ಯದೊಳಗೆ’ ಚಿತ್ರಕ್ಕೆ ಪ್ರೇಮಗೀತೆ ಬರೆದದ್ದಕ್ಕೂ ಕೆಲವರು ಹುಬ್ಬು ಗಂಟಿಕ್ಕಿದ್ದರು. ಕವಿ ಮೆತ್ತಗಾದರು, ಇದು ಅವರ ಜೀವಮಾನವಿಡೀ ಬೆನ್ನಿಗೆ ಬಿದ್ದ ಮಾತು. 2021ರ ಜೂನ್ 11ರಂದು ಅವರು ತೀರಿಕೊಂಡ ದಿನವೂ ಅದನ್ನೇ ಮಾತಾಡಿದವರಿದ್ದರು.

ಇರಬಹುದು, ಮೆತ್ತಗಾಗಿರಬಹುದು. ಆದರೆ ಹಾಡುಗಳು ಅಷ್ಟು ಹೊತ್ತಿಗೆ ಅವರ ಕೈಬಿಟ್ಟು ನಲವತ್ತು ವರ್ಷ ದಾಟಿತ್ತು. ರಾಕ್ ತಂಡಕ್ಕೂ ಚಳವಳಿಯ ಹಾಡಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಬ್ಯಾಂಡಿನ ಹಾಡನ್ನು ಬ್ಯಾಂಡೇ ಹಾಡಬೇಕು, ಟಿಕೆಟ್ ತಗೊಂಡವರು ಕೇಳಬೇಕು. ಬ್ಯಾಂಡು ಮುದಿಯಾದರೆ ಹಾಡೂ ಮಂಡಿ ಹಿಡಿದುಕೊಂಡು ಕೂರುತ್ತದೆ. ಚಳವಳಿಯ ಹಾಡಿಗೆ ಬರೆದವರ ಹಂಗಿಲ್ಲ, ಸೊಲ್ಲು ಹಿಡಿಯುವವರು ಬೇಕು. ಮುಂದೆ ಒಬ್ಬ ಸೊಲ್ಲೆತ್ತಬೇಕು, ಹಿಂದೆ ಹತ್ತು ಜನ ಅದನ್ನು ಹೊರಬೇಕು.

ಆ ಹೊರುವಿಕೆಯನ್ನು ಹುಡುಗನಾಗಿದ್ದಾಗ ಹತ್ತಿರದಿಂದ ನೋಡಿದ್ದೇನೆ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆದಮೇಲೆ ಎದ್ದ ರೈತ ಸಂಘ ನಮ್ಮ ತಾಲ್ಲೂಕಿಗೆ ಬಂದಾಗ ಮೊದಲು ಬಂದದ್ದು ಹಸಿರು ಟವೆಲ್ಲು, ಅದರ ಹಿಂದೆಯೇ ಹಾಡು. ಅಧಿಕಾರಿಗಳು ಅಪ್ಪಣೆಯಿಲ್ಲದೆ ಊರೊಳಗೆ ಬರಬಾರದು ಎಂದು ಊರ ಬಾಗಿಲಿಗೆ ಬೋರ್ಡು ನೆಟ್ಟ ಕಾಲ. ಸಾಲ ಕಟ್ಟದವರ ಮನೆ ಸಾಮಾನು ಜಪ್ತಿಯಾಗುತ್ತಿತ್ತು. ಸಂಘದವರು ಗುಂಪಾಗಿ ಹೋಗಿ ಆ ಸಾಮಾನನ್ನು ವಾಪಸು ತರುತ್ತಿದ್ದರು. ಅದಕ್ಕೆ ಮರುಜಪ್ತಿ ಅಂತ ಹೆಸರು. ನಮ್ಮ ದೊಡ್ಡಪ್ಪನ ಮನೆಯ ತಾಮ್ರದ ಹಂಡೆ ಹೋಗಿತ್ತು. ಸ್ನಾನದ ಒಲೆಯ ಮೇಲೆ ಹಂಡೆ ಇದ್ದ ಜಾಗದಲ್ಲಿ ದುಂಡನೆಯ ಮಸಿಯ ಗುರುತು ಮಾತ್ರ. ದೊಡ್ಡಮ್ಮ ಆ ಗುರುತಿಗೆ ಅಡ್ಡ ಒಂದು ಮಡಕೆ ಇಟ್ಟಿದ್ದರು, ಬಂದವರ ಕಣ್ಣಿಗೆ ಬೀಳಬಾರದು ಅಂತ.

ಹಂಡೆ ವಾಪಸು ಬಂದ ದಿನ ಅದನ್ನು ಇಬ್ಬರು ಬಿದಿರ ಗಳುವಿಗೆ ನೇತುಹಾಕಿ ಹೊತ್ತು ತಂದರು, ಮದುವೆಯ ಕಳಶ ತರುವ ಹಾಗೆ. ಮುಂದೆ ಹಾಡುತ್ತ ಬಂದವನು ಪಕ್ಕದ ಹೋಬಳಿಯವನು. ಊರ ಬಾಗಿಲಲ್ಲಿ ನಿಂತು ಮೊದಲು ವಿಚಾರಿಸಿಕೊಂಡ: ‘ಈ ಊರಲ್ಲಿ ಯಾರ್ ಮನೇದು ಏನೇನು ಓಗಿತ್ತು?’ ಹಂಡೆ, ಪಂಪ್‌ಸೆಟ್ಟು, ಒಂದು ಮನೆಯ ಬಾಗಿಲು, ಅಂತ ಜನ ಹೇಳಿದರು. ಅವನು ಎತ್ತಿದ್ದು ಎಲ್ಲ ಹೆಂಗಸರಿಗೂ ಗೊತ್ತಿದ್ದ ಸೋಬಾನೆ ಮಟ್ಟು. ಅದರೊಳಕ್ಕೆ ನಮ್ಮ ಹಂಡೆಯನ್ನು ಕೂರಿಸಿದ, ಬಾಗಿಲನ್ನು ಕೂರಿಸಿದ, ಅದನ್ನು ಕೀಳಿಸಿದ ಅಮೀನನ ಮೀಸೆಯನ್ನೂ ಕೂರಿಸಿದ. ಮೀಸೆಯ ಸಾಲಿಗೆ ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ಆ ಮಡಕೆಯನ್ನು ಅವರೇ ಎತ್ತಿ ಹಿತ್ತಲಿಗೆ ಒಯ್ದರು. ಇದೇ ಹಾಡು ಮುಂದಿನ ಊರಿಗೆ ಹೋದಾಗ ಹಂಡೆ ಹೋಗಿ ಎತ್ತಿನ ಗಾಡಿಯ ಚಕ್ರ ಬಂದಿರುತ್ತಿತ್ತು.

ಹಾಡಿಗೆ ಮೊನೆ ಬರುವುದು ಹೀಗೆ. ಹೋದ ಊರಿನಲ್ಲಿ ಏನು ಹೋಗಿದೆ ಎಂದು ಕೇಳಿ ಹಾಡಬೇಕು. ಅಮೆರಿಕದ ಗ್ರೀನ್ ಡೇ ತಂಡ ಬುಷ್ ಕಾಲದ 2004ರ ಹಾಡೊಂದನ್ನು 2023ರ ಡಿಸೆಂಬರ್ 31ರ ರಾತ್ರಿ ಟೀವಿಯಲ್ಲಿ ಹಾಡುವಾಗ ಟ್ರಂಪ್ ಬೆಂಬಲಿಗರಿಗೆ ತಾಗುವ ಹಾಗೆ ಒಂದೇ ಒಂದು ಕಡೆ ಮಾತು ಬದಲಿಸಿತು. ಎಷ್ಟು ಗದ್ದಲವಾಯಿತೆಂದರೆ ಇಪ್ಪತ್ತು ವರ್ಷದ ಹಳೇ ಹಾಡು ಅಂತ ಯಾರೂ ಅನ್ನಲಿಲ್ಲ. ನಮ್ಮ ಮೀಸೆಯ ಸಾಲಿನ ಕಸುಬೇ ಅದು.

ಮೊನೆ ಎಂಬುದು ಹಾಡಿನೊಳಗೇ ಇರಬೇಕೆಂದೂ ಇಲ್ಲ. ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ಟಿಪ್ಪುವಿನ ಲಾವಣಿ ಆಮೇಲೆ ಎಷ್ಟೋ ಕಾಲ ಸಂತೆಯಲ್ಲಿ, ಜಾತ್ರೆಯಲ್ಲಿ ಹಾಡಿಸಿಕೊಂಡಿತು. ಹಣೆಗೆ ವಿಭೂತಿ ಇಟ್ಟವರು, ನಾಮ ಇಟ್ಟವರು, ಏನೂ ಇಡದವರು, ಎಲ್ಲರೂ ಕೂತು ಕಣ್ಣು ಒರೆಸಿಕೊಂಡು ಕೇಳಿದರು. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಲಾವಣಿಯಲ್ಲಿ ಒಂದಕ್ಷರ ಬದಲಾಗಿಲ್ಲ. ಇವತ್ತು ಅದನ್ನು ಪಟ್ಟಣದ ಕೋಟೆ ಬಾಗಿಲಲ್ಲಿ ಹಾಡಿ ನೋಡಿ, ಎಷ್ಟು ಜನ ಹಿಂತಿರುಗಿ ನೋಡುತ್ತಾರೆ ಅಂತ. ಸುಮ್ಮನಿದ್ದ ಕುಡುಗೋಲನ್ನು ಕಾಲವೇ ಮಸೆದಿಟ್ಟಿದೆ.

ಹಳಬರು ಮೊಂಡಾದರೇ ಎಂಬ ಪ್ರಶ್ನೆಯನ್ನು ನಮ್ಮ ಜಿಲ್ಲೆಯ ಹಾಡು ರಾಕ್ ಹುಟ್ಟುವ ಎಷ್ಟೋ ಶತಮಾನ ಮುಂಚೆಯೇ ಕೇಳಿಬಿಟ್ಟಿದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ಪೀಠ. ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ ಹಿಡಿದು ಇಡೀ ರಾತ್ರಿ ಹಾಡುವ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುತ್ತಾನೆ. ಕಲ್ಯಾಣ ಅಂದರೆ ಜಾತಿ ಮುರಿಯುತ್ತೇವೆಂದು ಎದ್ದವರ ಊರು, ಆ ಕಾಲದ ಚಳವಳಿಯ ಮುಖ್ಯ ಕಚೇರಿ ಅನ್ನಿ. ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ಅಲ್ಲಿ ನಿತ್ಯ ದಾಸೋಹ. ಇವನು ಬರುವುದು ವಾಸನೆ ಹೊಡೆಯುವ, ಮುಟ್ಟಬಾರದವನ ರೂಪದಲ್ಲಿ. ಲಿಂಗ ಕಟ್ಟಿದವರೇ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ತಡೆಯುತ್ತಾರೆ. ಗುರುತಿಸುವವನು ಬಸವಣ್ಣನೊಬ್ಬ. ಬಿಜ್ಜಳನನ್ನು ಬೈಯುವ ಹಾಡು ಯಾರು ಬೇಕಾದರೂ ಕಟ್ಟಬಹುದಿತ್ತು. ನೀಲಗಾರರು ಶರಣರ ಬಾಗಿಲಲ್ಲಿ ನಿಂತು ಶರಣರನ್ನೇ ಕೇಳುವ ಹಾಡು ಕಟ್ಟಿದರು. ಅದಕ್ಕೇ ಅದು ಇವತ್ತಿಗೂ ಬೆಳಗಿನ ಜಾವದವರೆಗೆ ಎಬ್ಬಿಸಿ ಕೂರಿಸುತ್ತದೆ.

ರೈತ ಸಂಘಕ್ಕೂ ಒಂದು ಕಾಲದಲ್ಲಿ ಈ ಧೈರ್ಯವಿತ್ತು. ಕುವೆಂಪು ಅವರ ಮಂತ್ರಮಾಂಗಲ್ಯವನ್ನು ಎತ್ತಿಕೊಂಡು, ವರದಕ್ಷಿಣೆ ಬೇಡ, ಪುರೋಹಿತರು ಬೇಡ, ಸಾಲದ ಮದುವೆ ಬೇಡ ಎಂದು ಊರೂರಲ್ಲಿ ಸರಳ ಮದುವೆ ಮಾಡಿದರು. ವಿಧಾನಸೌಧಕ್ಕೆ ಧಿಕ್ಕಾರ ಕೂಗಿದವನೇ ಮನೆಗೆ ಬಂದು ಬೀಗರ ಮುಂದೆ ಬಾಯಿ ಬಿಡಬೇಕಿತ್ತು. ಎರಡನೆಯದು ಹೆಚ್ಚು ಕಷ್ಟ, ಮಾಡಿದವರನ್ನು ಕೇಳಿ. ನಮ್ಮ ತಾಲ್ಲೂಕಿನ ಕ್ಯಾತನಹಳ್ಳಿಯ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ಭಾಷಣದಲ್ಲೂ ಆ ಗುಣವಿತ್ತು. ಸರ್ಕಾರಕ್ಕೆ ನಾಲ್ಕು ಮಾತು ಅಂದರೆ, ನಗಿಸುತ್ತ ನಗಿಸುತ್ತ ಎದುರಿಗೆ ಕೂತ ನಮಗೂ ಎರಡು ಕೊಡುತ್ತಿದ್ದರು. ಎರಡು ಸಲ ಶಾಸಕರಾದರು, 2018ರ ಫೆಬ್ರವರಿ 18ರ ರಾತ್ರಿ ಮಂಡ್ಯದಲ್ಲಿ ಕಬಡ್ಡಿ ಪಂದ್ಯಕ್ಕೆ ಹೋಗಿದ್ದಾಗ ತೀರಿಕೊಂಡರು. ಕುರ್ಚಿ ಅವರ ನಾಲಿಗೆಯನ್ನು ಮೆತ್ತಗೆ ಮಾಡಿತು ಎಂದು ಅವರನ್ನು ಒಪ್ಪದವರೂ ಹೇಳುವುದಿಲ್ಲ.

ಈಗಿನ ಹಾಡುಗಳ ಬಗ್ಗೆ ನನ್ನ ಮುನಿಸು ಇಲ್ಲಿದೆ. ದಿಲ್ಲಿಯನ್ನು ಬೈಯುತ್ತೇವೆ, ಬೆಂಗಳೂರನ್ನು ಬೈಯುತ್ತೇವೆ, ಅಂಬಾನಿ ಅದಾನಿಯನ್ನು ಬೈಯುತ್ತೇವೆ. ಬೈಯೋಣ, ಅದಕ್ಕೆ ಕಾರಣಗಳೂ ಇವೆ. ಆದರೆ 2023ರ ನವೆಂಬರಿನಲ್ಲಿ ಮಂಡ್ಯದ ಹತ್ತಿರದ ಒಂದು ಆಲೆಮನೆಯಲ್ಲಿ ಭ್ರೂಣಲಿಂಗ ಪತ್ತೆ ಮಾಡಿ ಹೆಣ್ಣು ಕಂಡರೆ ತೆಗೆಸುವ ಜಾಲವಿತ್ತೆಂದು ಸುದ್ದಿ ಬಂತಲ್ಲ? ಆಲೆಮನೆಯಲ್ಲಿ! ಬೆಲ್ಲದ ಪಾಕ ಎರೆಯುವ ಜಾಗ, ನಾವು ಹುಡುಗರು ಕಬ್ಬಿನಹಾಲಿಗೆ ಚೊಂಬು ಹಿಡಿದು ನಿಲ್ಲುತ್ತಿದ್ದ ಜಾಗ. ಜಿಲ್ಲೆಯ ಗುರುತೇ ಅದು. ಎಷ್ಟು ಹೋರಾಟದ ವೇದಿಕೆಗಳಾದವು ಆಮೇಲೆ, ಆ ಆಲೆಮನೆಗೆ ಹಾಡು ಹೋಗಲಿಲ್ಲ. ಗಂಡಾಳಿಗೆ ಒಂದು ಕೂಲಿ, ಕಳೆ ಕೀಳುವ ಹೆಣ್ಣಾಳಿಗೆ ಒಂದು ಕೂಲಿ, ಆ ಗದ್ದೆಬದುವಿಗೂ ಹೋಗಲಿಲ್ಲ. ಯಾಕೆಂದರೆ ಅಲ್ಲಿ ಅಮೀನನ ಮೀಸೆಯ ಜಾಗದಲ್ಲಿ ನಮ್ಮದೇ ಮೀಸೆ ಇದೆ. ಸ್ವರಾತ್ಮದವರು ಫಕೀರನ ಹಾದಿ ಹಿಡಿದರೆಂದು ಹುಡುಗ ದೂರಿದನಲ್ಲ, ಒಳಗೆ ತಿರುಗಿದ್ದೇ ತಪ್ಪು ಅಂತ ನನಗನ್ನಿಸುವುದಿಲ್ಲ. ಒಳಗೆ ಹೋದವರು ಅಲ್ಲಿ ಯಾರನ್ನು ಬಡಿದೆಬ್ಬಿಸುತ್ತಾರೆ ಅನ್ನುವುದು ನೋಡಬೇಕಾದ್ದು.

ಇದನ್ನೆಲ್ಲ ಅವನಿಗೆ ಹೇಳಿದೆ. ‘ಮಾವ, ನೀನು ವಿಷಯ ಬದಲಾಯಿಸಿದೆ’ ಅಂದ, ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಹೋದ ಚಳಿಗಾಲ ಪಾಂಡವಪುರದಲ್ಲಿ ಒಂದು ಕಾರ್ಯಕ್ರಮ. ಶಾಮಿಯಾನ, ಕುರ್ಚಿ, ವೇದಿಕೆಯ ಮೇಲೆ ಹನ್ನೆರಡು ಜನ ಗಣ್ಯರು, ಶಾಲು, ಹಾರ, ಮೈಸೂರು ಪೇಟ. ನಡುವೆ ಹತ್ತು ನಿಮಿಷ ಹೋರಾಟದ ಗೀತೆ. ಹಾಡಿನವರು ಶುರುಮಾಡುತ್ತಿದ್ದಂತೆ ಜನ ಫೋನು ಎತ್ತಿ ಹಿಡಿದರು. ಎರಡೂ ಕೈ ಫೋನಿಗೆ ಹೋದಮೇಲೆ ಚಪ್ಪಾಳೆಗೆ ಕೈ ಎಲ್ಲಿ? ರೆಕಾರ್ಡಿನಲ್ಲಿ ತಮ್ಮ ದನಿ ಬಂದೀತೆಂದು ಸೊಲ್ಲೂ ಹಿಡಿಯಲಿಲ್ಲ. ತಮಟೆಯವರು ಹೊಸ ಫೈಬರ್ ತಮಟೆ ಬಾರಿಸುತ್ತಿದ್ದರು. ಅದಕ್ಕೆ ಚರ್ಮವಿಲ್ಲ, ಚಳಿಗೆ ಸಡಿಲವಾಗುವುದಿಲ್ಲ, ಕಾಯಿಸುವ ಗೋಜಿಲ್ಲ. ಬೆಳಿಗ್ಗೆ ಹೊಡೆದರೂ ಒಂದೇ ದನಿ, ಸಂಜೆ ಹೊಡೆದರೂ ಒಂದೇ ದನಿ.

ಕಾರ್ಯಕ್ರಮ ಮುಗಿದಮೇಲೆ ಊರಿನ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಅದೇ ತಂಡದ ಹಿರಿಯ ತಮಟೆಯವರೂ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು. ಭುಜದಲ್ಲಿ ಗೋಣಿಚೀಲ, ಅದರೊಳಗೆ ಹಳೇ ಚರ್ಮದ ತಮಟೆ. ಇದನ್ನು ಯಾಕೆ ಬಾರಿಸಲಿಲ್ಲ ಎಂದು ಕೇಳಿದೆ. ‘ಸ್ಟೇಜಿನ ಮ್ಯಾಲೆ ಬೆಂಕಿ ಹಾಕಕ್ಕೆ ಬುಡ್ತಾರಾ ಬುದ್ಧೀ?’ ಅಂದರು. ಚಳಿ ಜೋರಿತ್ತು. ಯಾರೋ ಹುಡುಗರು ರಸ್ತೆಬದಿಯಲ್ಲಿ ಒಣಹುಲ್ಲು ಗುಡ್ಡೆ ಹಾಕಿ ಹಚ್ಚಿದರು. ಅವರು ತಮಟೆ ತೆಗೆದು ಉರಿಯ ಮೇಲೆ ತಿರುಗಿಸುತ್ತ, ಆಗಾಗ ಬೆರಳಿನಿಂದ ಟಕ್ ಎಂದು ತಟ್ಟಿ ಕಿವಿಗೊಟ್ಟು ಕೇಳುತ್ತ, ಮತ್ತೆ ಉರಿಗೆ ಹಿಡಿದರು. ಚರ್ಮ ಬಿಗಿದು ದನಿ ಏರಿತು. ಮೆಲ್ಲಗೆ ಬಾರಿಸುತ್ತ ಒಂದು ಹಳೇ ಹಾಡು ಎತ್ತಿಕೊಂಡರು. ನನ್ನ ಕಿವಿ ನೆಟ್ಟಗಾಯಿತು. ಮರುಜಪ್ತಿಯ ಮಟ್ಟು. ಮಾತು ಬೇರೆ, ಆದರೆ ಹಂಡೆ ಇತ್ತು.

ಬಸ್ಸಿಗೆ ಕಾಯುತ್ತಿದ್ದ ಹೆಂಗಸರಲ್ಲಿ ಒಬ್ಬಾಕೆ, ನಲವತ್ತರ ಆಸುಪಾಸು, ಕೈಯಲ್ಲಿ ಸಂಘದ ಸಾಲದ ಪುಸ್ತಕ, ಕೇಳಿ ಕೇಳಿ ತಡೆಯಲಾರದೆ ಅಂದಳು: ‘ಅಂಡೆ ಯಾಕಣ್ಣೋ ಈಗ? ಅಂಡೆ ಯಾರು ಒಯ್ತಾರೆ? ಮಂಗಳವಾರದ ಕಂತು ಅಂತ ಆಡು.’ ಉಳಿದವರು ಗೊಳ್ಳೆಂದರು. ಮೈಕ್ರೋಫೈನಾನ್ಸಿನವರು ಬಾಗಿಲಲ್ಲಿ ಕೂತು ವಸೂಲಿ ಮಾಡುವ ಕಾಟ ಎಷ್ಟಾಯಿತೆಂದರೆ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ನಗುತ್ತಿದ್ದವರಲ್ಲಿ ಎಷ್ಟು ಜನರ ಕಂತು ಬಾಕಿಯಿತ್ತೋ.

ಮುದುಕರು ತಮಟೆ ನಿಲ್ಲಿಸಿ ಆಕೆಯ ಮುಖ ನೋಡಿದರು. ಹಂಡೆ ಎಂಬಲ್ಲಿ ಮಂಗಳವಾರದ ಕಂತನ್ನು ಇಟ್ಟು ಒಂದು ಸಲ ಹಾಡಿ ನೋಡಿದರು. ಮಾತು ಉದ್ದವಾಗಿ ಪೆಟ್ಟು ತಪ್ಪಿತು. ‘ಕಂತು’ ಒಂದನ್ನೇ ಇಟ್ಟರು, ಗಿಡ್ಡವಾಯಿತು. ‘ವಾರದ ಕಂತು ಅನ್ನಣ್ಣ’ ಅಂದಳು ಪಕ್ಕದವಳು. ಅದನ್ನು ಇಟ್ಟುಕೊಂಡು ಅವರು ಮೂರನೇ ಸಲ ತಮಟೆಯನ್ನು ಉರಿಗೆ ಹಿಡಿಯುವಷ್ಟರಲ್ಲಿ ಕೆ.ಆರ್. ಪೇಟೆ ಬಸ್ಸು ಬಂತು. ಎಲ್ಲರೂ ನುಗ್ಗಿದೆವು. ಹಿಂದಿನ ಸೀಟಿನಲ್ಲಿ ತಮಟೆಯಿಲ್ಲದೆ, ಕಿಟಕಿಯ ಕಂಬಿಯ ಮೇಲೆ ಬೆರಳಾಡಿಸುತ್ತ, ಆ ಮಾತನ್ನು ಅವರು ಇನ್ನೂ ಕೂರಿಸುತ್ತಲೇ ಇದ್ದರು.